ರಾಘವೇಟ್ಟನ ಸಂಶಯ, ನಮ್ಮ ಬಿಳಿ ಕಾರು

ರಾಘವೇಟ್ಟ ಹೊಸ ಸಾಮಾನನ್ನು ಮೊದಲು ಮೂಸುತ್ತಿದ್ದರು. ಬ್ರೇಕ್ ಪ್ಯಾಡೋ ಫ್ಯಾನ್ ಬೆಲ್ಟೋ, ಪೆಟ್ಟಿಗೆಯಿಂದ ತೆಗೆದು ಮೂಗಿನ ಹತ್ತಿರ ಹಿಡಿಯುವುದು, ಉಗುರಿನಿಂದ ಕೆರೆಯುವುದು, ಕೊನೆಗೆ ಅಂಗಡಿಯವನ ಮುಖವನ್ನೇ ದಿಟ್ಟಿಸುವುದು. "ಇದು ಡೂಪ್ಲಿಕೇಟ್ ಅಲ್ಲ ಅಂತ ನೀನು ಹೇಳ್ತಿ. ನೀನು ಡೂಪ್ಲಿಕೇಟ್ ಅಲ್ಲ ಅಂತ ಯಾರು ಹೇಳುವುದು?" ಒರಿಜಿನಲ್ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಹೊಸಂಗಡಿಯಲ್ಲಿ ಯಾರೂ ಕೇಳಿದವರಿಲ್ಲ.

ಹೈವೇ ಬದಿಯಲ್ಲಿ ಕಾರು ರಿಪೇರಿಗೆ ಅವರದ್ದೊಂದು ತಗಡಿನ ಶೆಡ್ಡು. ಮೂಲ ನೀಲೇಶ್ವರ, ಮಾತಾಡುವುದು ಅರ್ಧ ಕನ್ನಡ, ಅರ್ಧ ಮಲಯಾಳ. ನಾನು ಕುಂದಾಪುರದಿಂದ ಮಂಜೇಶ್ವರಕ್ಕೆ ಮದುವೆಯಾಗಿ ಬಂದವಳು. ನನ್ನ ಮಲಯಾಳ ಬಸ್ಸಿನ ಬೋರ್ಡು ಓದುವಷ್ಟಕ್ಕೇ ನಿಂತಿದೆ. ಆದರೆ ಸಂಶಯಪಡುವುದರಲ್ಲಿ ನಾನೇನೂ ಅವರಿಗಿಂತ ಕಡಿಮೆಯವಳಲ್ಲ. ಮೀನಿನವನ ತಕ್ಕಡಿಯನ್ನಾಗಲಿ ಗ್ಯಾಸಿನವನ ಸಿಲಿಂಡರನ್ನಾಗಲಿ ನಾನು ಸುಮ್ಮನೆ ಒಪ್ಪಿದ್ದೇ ಇಲ್ಲ.

ಕಾರು ನನ್ನ ಗಂಡ ಗಲ್ಫಿಗೆ ಹೋಗುವ ಮೊದಲು ಕೊಂಡದ್ದು, ಆಗಲೇ ಹಳತು. ಅತ್ತೆಯನ್ನು ಡಯಾಲಿಸಿಸಿಗೆ ಮಂಗಳೂರಿಗೆ ಕರೆದೊಯ್ಯುವುದು ಅದರಲ್ಲೇ. ಬಸ್ಸಿನಲ್ಲಿ ಹೋದರೆ ವಾಪಸು ಬರುವಾಗ ಅವರಿಗೆ ಕಂಬಿ ಹಿಡಿಯುವಷ್ಟೂ ತ್ರಾಣವಿರುತ್ತಿರಲಿಲ್ಲ. ಕಾರು ನಿಂತರೆ ನಮಗೆ ಕೈಕಾಲು ಆಡುತ್ತಿರಲಿಲ್ಲ.

ಒಂದು ದಿನ ಅದು ಹೊಸಂಗಡಿಯಲ್ಲೇ ಹೊಗೆಯಾಡಿ ನಿಂತಿತು. ಎದುರಿಗೇ ರಾಘವೇಟ್ಟನ ಶೆಡ್ಡು.

"ತಾನಾಗಿಯೇ ನಿಂತಿತು," ಎಂದೆ.

"ಎಲ್ಲರೂ ಹಾಗೇ ಹೇಳುವುದು ಟೀಚರೇ. ನೀರು ಹಾಕುವುದಿಲ್ಲ, ಕೇಳಿದರೆ ತಾನಾಗಿ ನಿಂತಿತು." ನಾನು ಅಂಗನವಾಡಿಯಲ್ಲಿರುವುದು ಅವರಿಗೆ ಹೇಗೆ ಗೊತ್ತಾಯಿತೋ, ಅಲ್ಲೇ ನನಗೆ ಗುಮಾನಿ ಶುರುವಾಯಿತು.

"ನೀರು ನಿನ್ನೆಯೇ ಹಾಕಿದ್ದೇನೆ. ಎಲ್ಲೋ ಲೀಕ್ ಉಂಟು."

ಅವರು ನಂಬಲಿಲ್ಲ. ಗೋಣಿ ಹಾಸಿ ಕಾರಿನಡಿಗೆ ನುಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ಅಡಿಯಿಂದಲೇ ಅಸಮಾಧಾನದ ಧ್ವನಿ ಬಂತು: "ಲೀಕ್ ಉಂಟು."

ರಿಪೇರಿಗೆ ಬಿಟ್ಟ ಕಾರಿನ ಒಳ್ಳೆಯ ಸಾಮಾನು ತೆಗೆದು ಹಳತು ಕೂರಿಸುತ್ತಾರೆಂದು ನಾನು ಕೇಳಿದ್ದೆ. ಹಾಗಾಗಿ ಮುಂದಿನ ಸಲ ಕಾರು ಬಿಡುವ ಮೊದಲು ಬಾನೆಟ್ ಎತ್ತಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬೊಟ್ಟು ಇಟ್ಟೆ. ಸಂಜೆ ರಾಘವೇಟ್ಟ ಬದಲಿಸಿದ ಹಳೆಯ ಸಾಮಾನನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅದು ಅವರ ಕ್ರಮ. ಸತ್ತ ಸಾಮಾನು ಓನರಿನ ಮನೆಗೇ ಹೋಗಬೇಕು. ಬಿಡಿಸಿ ನೋಡಿದರೆ ಕೆಂಪು ಬೊಟ್ಟು ಮೇಲೆಯೇ ಇದೆ. ನನ್ನ ಮುಖ ಬಿಸಿಯಾಯಿತು.

"ಕ್ಯೂಟೆಕ್ಸ್ ಒಳ್ಳೆ ಐಡಿಯಾ ಟೀಚರೇ," ಎಂದರು ಗಂಭೀರವಾಗಿ. "ಆದರೆ ಬ್ಯಾಟರಿಯ ಅಡಿಯಲ್ಲಿ ಇಡಲಿಲ್ಲ. ಕದಿಯುವವನು ಮೊದಲು ಅದನ್ನೇ ಕದಿಯುವುದು."

ಅಂದಿನಿಂದ ನಮಗೆ ಒಂಥರಾ ಸ್ನೇಹವಾಯಿತು. ಆದರೂ ಬೊಟ್ಟು ಇಡುವುದನ್ನು ನಾನು ಬಿಡಲಿಲ್ಲ. ಇಟ್ಟಿದ್ದೇನಾ ಎಂದು ನೋಡುವುದನ್ನು ಅವರೂ ಬಿಡಲಿಲ್ಲ.

ಫಿಟ್‌ನೆಸ್ ಟೆಸ್ಟಿಗೆ ಕಾರು ತಯಾರು ಮಾಡಲು ಕೊಟ್ಟಾಗ ಆದದ್ದನ್ನು ಮಾತ್ರ ನಾನು ಈಗಲೂ ಮರೆತಿಲ್ಲ. ಮರುದಿನ ಅತ್ತೆಯ ಡಯಾಲಿಸಿಸ್. ಶೆಡ್ಡಿಗೆ ಹೋದರೆ ಕಾರೂ ಇಲ್ಲ, ಜನವೂ ಇಲ್ಲ. ಫೋನು ಮಾಡಿದೆ.

"ಕಾರು ಮಾರಿ ಟೀಚರೇ," ಎಂದರು ರಾಘವೇಟ್ಟ ತಣ್ಣಗೆ. "ನಿನ್ನೆಯೇ ಮಾರಿ. ಅಲ್ಲಿ ಇಟ್ಟರೆ ಸರಿಯಾಗುವುದಿಲ್ಲ." ಫೋನು ಕಟ್ಟಾಯಿತು.

ಮಾರಿ! ಸಂಶಯ ನಿಜವಾದರೆ ಇಷ್ಟು ಸಂಕಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮನೆಗೆ ಓಡಿ ಬಂದು ಹೇಳಿದಾಗ ಅತ್ತೆ, "ಕಾರ್ ಪೋಂಡಾ?" ಕಾರು ಹೋಯಿತಾ ಎಂದು ತುಳುವಿನಲ್ಲಿ ಕೇಳಿ, ಸೆರಗು ಸರಿಮಾಡಿಕೊಂಡು ತಾವೇ ಮೊದಲು ರಿಕ್ಷಾ ಹತ್ತಿದರು. ಕಾಲು ಊದಿದ್ದ ಮುದುಕಿ, ಯುದ್ಧಕ್ಕೆ ಹೊರಟವರ ಹಾಗೆ ಕೂತಿದ್ದರು.

ರಾಘವೇಟ್ಟನ ಮನೆಯಂಗಳದಲ್ಲಿ, ತೆಂಗಿನ ಮಡಲಿನ ಚಪ್ಪರದಡಿ ನಮ್ಮ ಬಿಳಿ ಕಾರು ನಿಂತಿತ್ತು.

"ಯಾರಿಗೆ ಮಾರಿದ್ದು ಹೇಳಿ!" ಎಂದು ಕಿರುಚಿದೆ.

"ಮಾರಿದ್ದಲ್ಲ, ಮಾರಿದ್ದು!" ಅವರೂ ಕಿರುಚಿದರು. "ಜಾಗ ಮಾರಿ!"

"ಓ, ಜಾಗವನ್ನೂ ಮಾರಿದಿರಾ!"

ಅವರ ಹೆಂಡತಿ ಸೌದೆ ಕೆಳಗಿಟ್ಟು ನಗತೊಡಗಿದರು. ಮಂಜೇಶ್ವರದವರೇ ಆದ್ದರಿಂದ ಆ ಒಂದು ಶಬ್ದಕ್ಕೆ ಎರಡು ಮನೆ ಇರುವುದು ಅವರಿಗೆ ಗೊತ್ತಿತ್ತು. "ಮಲಯಾಳದಲ್ಲಿ ಮಾರಿ ಅಂದರೆ ಬದಲಾಯಿತು, ಜಾಗ ಬಿಟ್ಟು ಸರಿಯಿತು ಅಂತ ಅಕ್ಕ. ಶೆಡ್ಡಿನ ಪಕ್ಕ ಹೊಸ ಪೈಂಟಿನವ ಬಂದಿದ್ದಾನೆ. ನಿಮ್ಮ ಕಾರಿನ ಬ್ಯಾಟರಿ ಹೊಡೆದಾನು ಅಂತ ಇವರು ಇಲ್ಲಿಗೆ ತಂದು ಕಾಯುತ್ತಿದ್ದಾರೆ." ಅತ್ತೆ ಕಾರಿನ ಬಾಗಿಲು ತೆಗೆದು ಒಳಗೆ ಕೂತರು, ಚಾ ಕೊಟ್ಟರೂ ಇಳಿಯಲಿಲ್ಲ. ಮರುದಿನ ಅದೇ ಕಾರಿನಲ್ಲಿ ಮಂಗಳೂರಿಗೆ ಹೋದೆವು. ಟೆಸ್ಟೂ ಪಾಸಾಯಿತು.

ಈಗ ಆ ಶೆಡ್ಡಿಲ್ಲ. ಹೈವೇ ಅಗಲ ಮಾಡುವಾಗ ಹೋಯಿತು. ರಾಘವೇಟ್ಟ ನೀಲೇಶ್ವರಕ್ಕೆ, ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ನಮ್ಮಲ್ಲಿಗೆ ಬಂದು ಜೇಬಿನಿಂದ ಒಂದು ಕೀ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಕಾರಿನದ್ದು. ಮೊದಲೇ ಮಾಡಿಸಿಟ್ಟದ್ದು. ನೀವು ಕೀ ಕಳೆದುಕೊಳ್ಳುವವರು ಅಂತ ನನಗೆ ಸಂಶಯ ಇತ್ತು."

ಅಯ್ಯೋ ದೇವರೇ! ಇಷ್ಟು ವರ್ಷ ನಾನು ಗೇಟಿಗೆ ಬೀಗ ಹಾಕಿ, ಎದ್ದು ಎದ್ದು ನೋಡಿ ಮಲಗಿದರೆ, ಕೀ ಈ ಮನುಷ್ಯನ ಜೇಬಿನಲ್ಲಿ! ಬೈಯಲು ಬಾಯಿ ತೆರೆದವಳು ಕೀಯನ್ನು ಅವರತ್ತಲೇ ಸರಿಸಿದೆ. ಇನ್ನು ಕಾರು ಕೆಟ್ಟರೆ ಯಾರ ಹತ್ತಿರ ಜಗಳಾಡುವುದು?

"ನಿಮ್ಮ ಹತ್ತಿರವೇ ಇರಲಿ ರಾಘವೇಟ್ಟ," ಎಂದೆ.

"ಎಂತಕ್ಕೆ?" ಹೊಸ ಸಾಮಾನು ಕೊಟ್ಟ ಅಂಗಡಿಯವನನ್ನು ನೋಡುವ ಹಾಗೆ ನೋಡಿದರು.

"ನಾನು ಕಳೆದುಕೊಳ್ಳುವವಳಲ್ಲವಾ?"

ಅವರು ಕೀಯನ್ನು ಮತ್ತೆ ನನ್ನ ಕಡೆಗೆ ಸರಿಸಿದರು. "ಹಾಗಾದರೆ ಗುರುತು ಹಾಕಿ ಕೊಡಿ. ನಾಳೆ ಕೀ ಮಾರಿ ಅಂತ ರಿಕ್ಷಾ ಮಾಡಿಕೊಂಡು ನೀಲೇಶ್ವರಕ್ಕೆ ಬರುವುದು ಬೇಡ."

ಕೆಂಪು ಬಣ್ಣದ ಬಾಟಲಿ ತಂದು ಕೀಲಿಯ ತಲೆಗೆ ಬೊಟ್ಟಿಟ್ಟೆ. ಒಣಗಲೆಂದು ಊದಿ ಕೊಟ್ಟೆ. ರಾಘವೇಟ್ಟ ಅದನ್ನು ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದು ಮೂಸಿದರು, ಜೇಬಿಗೆ ಹಾಕಿಕೊಂಡರು.

"ಒರಿಜಿನಲ್," ಎಂದರು.