ಪಾರ್ಚ್‌ಮೆಂಟ್ ಕಚ್ಚುವ ಹಲ್ಲು

ನನ್ನ ಬಾಯಿಯ ಬಲಗಡೆ, ಕೆಳಸಾಲಿನಲ್ಲಿ, ಹಿಂದಿನಿಂದ ಎರಡನೆಯದಾಗಿ ಒಂದು ದವಡೆ ಹಲ್ಲಿದೆ. ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ಮೂವತ್ತು ವರ್ಷದಿಂದ ರೈಟರ್ ಆಗಿರುವ ನಾನು ಹಾಜರಿ ಬರೆಯುವುದು ಪೆನ್ನಿನಿಂದಲೇ ಆದರೂ, ನನಗಿರುವ ಅಷ್ಟಿಷ್ಟು ಮರ್ಯಾದೆ ಬಂದದ್ದು ಆ ಹಲ್ಲಿನಿಂದ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿ ಮೂಟೆ ಕಟ್ಟುವಷ್ಟು ಒಣಗಿತೋ ಇಲ್ಲವೋ ಎಂಬುದನ್ನು ಕಚ್ಚಿ ನೋಡಿ ಹೇಳಬೇಕು. ಹೊಟ್ಟು ಬಿಡಿಸಿ ಬೀಜವನ್ನು ಹಲ್ಲಿನ ನಡುವೆ ಇಟ್ಟು ಒತ್ತಿದರೆ, ಹಸಿಯಾದದ್ದು ಹಲ್ಲಿಗೆ ಜಾಗ ಬಿಡುತ್ತದೆ. ಒಣಗಿದ್ದು ಬಿಡುವುದಿಲ್ಲ. ನಾನು ಒತ್ತಿ, ಕ್ಷಣ ಕಣ್ಣು ಮುಚ್ಚಿ, "ಇನ್ನೊಂದು ಬಿಸಿಲು ಬೇಕು" ಎಂದರೆ ಮೇಸ್ತ್ರಿ ಮರುಮಾತಿಲ್ಲದೆ ಬೀಜ ಮಗುಚುವ ಕುಂಟೆ ಎತ್ತಿಕೊಳ್ಳುತ್ತಿದ್ದ. ಹೈಕೋರ್ಟಿನ ತೀರ್ಪಿಗೆ ಮೇಲ್ಮನವಿ ಇದೆ, ಇದಕ್ಕೆ ಇರಲಿಲ್ಲ.

ಆ ಹಲ್ಲು ಎರಡು ವರ್ಷದ ಹಿಂದೆ ನೋಯತೊಡಗಿತು.

ದಂತವೈದ್ಯರ ಹತ್ತಿರ ಹೋಗಬಹುದಿತ್ತು. ಆದರೆ ನಾನು ಎಂಟು ವರ್ಷದವನಿದ್ದಾಗ ಆಲ್ದೂರಿನಲ್ಲಿ ಒಬ್ಬ ಕಾಂಪೌಂಡರ್ "ಬರೀ ನೋಡ್ತೀನಿ, ಬಾಯಿ ತೆಗಿ ಮಗಾ" ಎಂದಿದ್ದ. ತೆಗೆದೆ. ಅಪ್ಪ ಹಿಂದಿನಿಂದ ತಲೆ ಹಿಡಿದುಕೊಂಡರು. ಕಾಂಪೌಂಡರನ ಇನ್ನೊಂದು ಕೈ ಬೆನ್ನ ಹಿಂದೆ ಯಾಕಿತ್ತು ಎಂಬುದು ನನಗೆ ತಿಳಿಯುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು. ಆಮೇಲೆ ಅಪ್ಪ ಬನ್ನು ಕೊಡಿಸಿದರು. ಆ ಬನ್ನಿನ ಮೇಲೆ ನನಗೆ ಈಗಲೂ ಅನುಮಾನವಿದೆ, ಅವರು ಮೊದಲೇ ಕೊಂಡು ಇಟ್ಟಿದ್ದರು. ಅಂದಿನಿಂದ ನನ್ನ ಬಾಯಿಯ ಒಳಗಿನ ಸಮಾಚಾರ ಯಾವ ದಂತವೈದ್ಯರಿಗೂ ತಲುಪದಂತೆ ನೋಡಿಕೊಂಡಿದ್ದೆ.

ನೋವು ತಡೆಯಲಾರದೆ ಮೂಡಿಗೆರೆಯ ಒಬ್ಬ ದಂತವೈದ್ಯರ ಮೆಟ್ಟಿಲವರೆಗೆ ಎರಡು ಸಲ ಹೋದೆ. ಮೇಲಿನಿಂದ ಯಂತ್ರದ ಸದ್ದು ಕೇಳಿತು. ಎರಡು ಸಲವೂ ಎದುರಿನ ಅಂಗಡಿಯಲ್ಲಿ ಟಾರ್ಚಿನ ಸೆಲ್ ಕೊಂಡು ವಾಪಸು ಬಂದೆ.

"ಮನೇಲಿ ಎಂಟು ಸೆಲ್ ಆಯ್ತು ಮಾರಾಯ್ರೆ," ಎಂದಳು ಹೆಂಡತಿ. "ಹಲ್ಲು ಮಾತ್ರ ಹಾಗೇ ಇದೆ."

ಆ ಸುಗ್ಗಿಯಲ್ಲಿ ನಾನು ಯಾರಿಗೂ ಹೇಳದೆ ಎಡಗಡೆಯಿಂದ ಕಚ್ಚತೊಡಗಿದೆ. ಎಡಗಡೆಯ ಹಲ್ಲಿಗೆ ಕಾಫಿಯ ವಿದ್ಯೆ ಇಲ್ಲ. ಮೇಸ್ತ್ರಿ ಗಮನಿಸಿದ. "ಏನ್ ರೈಟರೇ, ಈ ವರ್ಷ ಎಡಗೈ ಬರವಣಿಗೆಯಾ?" ಎಂದ. ನಾನು ಗಂಭೀರವಾಗಿ "ಒಣಗಿದೆ, ಕಟ್ಟು" ಎಂದೆ. ಹದಿನೈದು ದಿನಕ್ಕೆ ಆ ಮೂಟೆಗಳು ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಹಾಗೇ ವಾಪಸು ಬಂದವು. ಹಸಿ. ಎಲ್ಲವನ್ನೂ ಮತ್ತೆ ಕಣಕ್ಕೆ ಸುರಿದು ಹರಡುವಾಗ ಕೆಲಸದ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಧಣಿಗಳು ಒಂದು ಮಾತೂ ಬೈಯಲಿಲ್ಲ. ತೇವ ಅಳೆಯುವ ಒಂದು ಮೀಟರ್ ತರಿಸಿ ನನ್ನ ಮೇಜಿನ ಮೇಲೆ ಇಡಿಸಿದರು. ಬೈದಿದ್ದರೆ ವಾಸಿಯಿತ್ತು.

ಹೆಂಡತಿ ತನ್ನ ಸಂಘದ ಸಭೆಯಲ್ಲಿ ವಿಚಾರಿಸಿಕೊಂಡು ಬಂದಳು. ಚಿಕ್ಕಮಗಳೂರಿನಲ್ಲಿ ಒಬ್ಬರು ಕೌನ್ಸೆಲಿಂಗ್ ಮೇಡಂ ಇದ್ದಾರಂತೆ, ಮಾತಾಡಿಸಿಯೇ ಭಯ ಬಿಡಿಸುತ್ತಾರಂತೆ.

"ಮಾತಿಗೆ ಹಲ್ಲು ಸರಿಯಾಗುವುದಾದರೆ," ಎಂದೆ, "ನಿನ್ನ ಜೊತೆಯಿದ್ದ ನನಗೆ ಇಷ್ಟು ಹೊತ್ತಿಗೆ ಇನ್ನೊಂದು ಸಾಲು ಹುಟ್ಟಬೇಕಿತ್ತು."

"ಬಸ್ಸಿಗೆ ಹೊತ್ತಾಯ್ತು, ಹೊರಡಿ," ಎಂದಳು.

ಮೇಡಂಗೆ ನನ್ನ ಮಗಳ ವಯಸ್ಸು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಹೂಜಿ ನೀರು, ಒಂದು ಪುಸ್ತಕ. ಔಷಧ ಕಾಣಲಿಲ್ಲ, ಆಯುಧವೂ ಇಲ್ಲ. ಅದೇ ನನಗೆ ಸರಿಬರಲಿಲ್ಲ. ನಾನು ಬಾಗಿಲು ಕಾಣುವಂತೆ ಕುರ್ಚಿ ತಿರುಗಿಸಿಕೊಂಡು ಕೂತೆ. ಅವರು ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿಸಿದರು: ದಂತವೈದ್ಯರ ಬೋರ್ಡು ಕಂಡರೆ ಹತ್ತಕ್ಕೆ ಎಷ್ಟು, ಲವಂಗದೆಣ್ಣೆಯ ವಾಸನೆಗೆ ಎಷ್ಟು, ಕುರ್ಚಿಗೆ ಒರಗಿದರೆ ಎಷ್ಟು. ಹೇಳಿದ್ದನ್ನೆಲ್ಲ ಬರೆದುಕೊಂಡರು. ಮೂವತ್ತು ವರ್ಷ ಬೇರೆಯವರನ್ನು ಬರೆದವನಿಗೆ ತನ್ನನ್ನು ಯಾರೋ ಬರೆಯುವುದು ಹಿಡಿಸುವುದಿಲ್ಲ.

"ಏನು ಬರೀತಿದ್ದೀರಿ?" ಎಂದೆ.

ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಅಂಕಿಗಳ ಕೆಳಗೆ "ಬಾಗಿಲ ಕಡೆ ಮುಖ ಮಾಡಿ ಕೂತರು. ಕೊಟ್ಟ ನೀರು ಕುಡಿಯಲಿಲ್ಲ" ಎಂದಿತ್ತು. ನಾನಾದರೂ ಹಾಗೇ ಬರೆಯುತ್ತಿದ್ದೆ. ಮುಂದಿನ ವಾರ ಮತ್ತೆ ಹೋಗಲು ಅದೊಂದೇ ಕಾರಣ.

ಮೂರನೆಯ ಸಲ ಅವರು ಕೇಳಿದರು: "ಆವತ್ತು ಆಲ್ದೂರಿನಲ್ಲಿ ಜಾಸ್ತಿ ಆಗಿದ್ದು ನೋವಾ?"

ನೋವು ನನಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಬೆನ್ನ ಹಿಂದಿನ ಕೈ. ಹಾಗೆಂದೆ. ಹೇಳಿದ ಮೇಲೆ ಹೂಜಿಯ ನೀರು ಕುಡಿದೆ. ಅದನ್ನೂ ಬರೆದುಕೊಂಡಿರಬೇಕು, ನಾನು ನೋಡಲಿಲ್ಲ.

"ಹಾಗಾದರೆ ಏನು ಮಾಡ್ತಾರೆ ಅಂತ ಮೊದಲೇ ಹೇಳಬೇಕು. ನೀವು ಕೈ ಎತ್ತಿದರೆ ನಿಲ್ಲಿಸಬೇಕು. ಇದಕ್ಕೆ ಒಪ್ಪುವ ವೈದ್ಯರಾದರೆ ಹೋಗ್ತೀರಾ?"

ಬಂತು ನೋಡಿ, ಅಂದುಕೊಂಡೆ. ಇಷ್ಟೆಲ್ಲ ಮಾತು ಇವರ ಕಡೆಯ ಡಾಕ್ಟರಿಗೆ ಗಿರಾಕಿ ಹಿಡಿಯಲು. "ಯಾರ ಹತ್ತಿರ?" ಎಂದೆ, ಕಳ್ಳನನ್ನು ಹಿಡಿದವನ ದನಿಯಲ್ಲಿ.

"ನೀವೇ ಹೇಳಿ. ನನಗೆ ಯಾರೂ ಗೊತ್ತಿಲ್ಲ."

ಅಪರಾಧ ಸಾಬೀತಾಗದ ಬೇಸರದಲ್ಲಿ ನಾನು ಸೆಲ್ ಅಂಗಡಿಯ ಎದುರಿನ ಮೆಟ್ಟಿಲಿನ ವೈದ್ಯರ ಹೆಸರು ಹೇಳಿದೆ. ಅವರು ನನ್ನ ಎದುರೇ ಫೋನಿನ ಸ್ಪೀಕರ್ ಹಾಕಿ ಆ ವೈದ್ಯರ ಜೊತೆ ಮಾತಾಡಿ, ಎರಡಕ್ಕೂ ಒಪ್ಪಿಸಿದರು.

ಮೆಟ್ಟಿಲು ಹತ್ತಿದ ದಿನ ಹೆಂಡತಿ ಕೆಳಗೇ ನಿಂತಳು, ಸೆಲ್ ಅಂಗಡಿಗೆ ಅಡ್ಡವಾಗಿ. ಕುರ್ಚಿ ಹಿಂದಕ್ಕೆ ವಾಲಿತು. ವೈದ್ಯರು ಮುಖಗವಸಿನ ಮೇಲಿನಿಂದ ನನ್ನನ್ನು ನೋಡಿ, "ಇವತ್ತು ಬರೀ ನೋಡ್ತೀನಿ, ಅಷ್ಟೇ" ಎಂದರು.

ಅದೇ ಮಾತು. ಅವರ ಇನ್ನೊಂದು ಕೈಯನ್ನು ಹುಡುಕಿದೆ. ಅದು ನನ್ನ ಕಣ್ಣೆದುರೇ, ಬರಿಗೈಯಾಗಿ, ಅವರ ಮಂಡಿಯ ಮೇಲಿತ್ತು. ಬಾಯಿ ತೆಗೆದೆ. ನೋಡಿದರು. ಕನ್ನಡಿ ಹೊರಗೆ ತೆಗೆದು, "ಆಯ್ತು, ಏಳಿ" ಎಂದರು.

ಎದ್ದು ಕೂತು ನಾಲಗೆಯಿಂದ ಹಲ್ಲುಗಳನ್ನು ಎಣಿಸಿದೆ. ಎಲ್ಲ ಹಾಜರಿದ್ದವು.

ಚಿಕಿತ್ಸೆಯ ದಿನ ಯಂತ್ರ ಶುರುವಾದ ಕೂಡಲೇ ಕೈ ಎತ್ತಿದೆ. ನಿಂತಿತು. ಮತ್ತೆ ಶುರು, ಮತ್ತೆ ಎತ್ತಿದೆ. ನಿಂತಿತು. ಮೂರನೆಯ ಸಲ ವೈದ್ಯರು ಕೇಳಿದರು: "ನೋವಾಗ್ತಿದೆಯಾ?"

"ಇಲ್ಲ. ಕಲ್ಲು ಇಟ್ಟು ನೋಡಿದೆ."

ಅವರಿಗೆ ಅರ್ಥವಾಗಲಿಲ್ಲ, ಹೇಳಬೇಕಾಯಿತು. ನಮ್ಮಲ್ಲಿ ಸಂಜೆ ಹಣ್ಣು ತೂಗುವ ಮೊದಲು ಕೊಯ್ಲಿನ ಹೆಂಗಸರು ತಕ್ಕಡಿಗೆ ಒಂದು ತೂಕ ಗೊತ್ತಿರುವ ಕಲ್ಲು ಹಾಕಿಸುತ್ತಾರೆ. ಅದು ಸರಿ ತೂಗಿದರೆ ಮಾತ್ರ ತಮ್ಮ ಚೀಲ ಎತ್ತಿ ಕೊಡುತ್ತಾರೆ. ಮೂವತ್ತು ವರ್ಷ ದಿನವೂ ಅವರು ನನ್ನನ್ನು ಹೀಗೆ ಅನುಮಾನಿಸಿದ್ದಾರೆ, ನಾನು ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ.

"ಎಷ್ಟು ಸಲ ಬೇಕಾದರೂ ನೋಡಿ," ಎಂದರು. ನಾನು ಮತ್ತೆ ಕೈ ಎತ್ತಲಿಲ್ಲ.

ಹಲ್ಲು ಉಳಿಯಿತು. ಬೇರಿನ ಚಿಕಿತ್ಸೆ ಮುಗಿದು ಹಲ್ಲಿಗೆ ಕ್ಯಾಪ್ ಎಂಬ ಟೋಪಿ ಹಾಕಿದ ದಿನ ನಾನು ಕೇಳಲೇಬೇಕಿದ್ದದ್ದನ್ನು ಕೇಳಿದೆ: "ಇದರಲ್ಲಿ ಬೀಜ ಕಚ್ಚಬಹುದಾ?"

ಇದ್ದದ್ದನ್ನು ಮೊದಲೇ ಹೇಳಬೇಕೆಂದು ಕರಾರು ಹಾಕಿಸಿದವನು ನಾನೇ. "ಇಲ್ಲ," ಎಂದರು. "ಒಡೆದರೆ ಕೀಳಬೇಕಾಗುತ್ತೆ." ಕೆಳಗಿಳಿದು ಬಂದಾಗ ಹೆಂಡತಿ ನನ್ನ ಮುಖ ನೋಡಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಈ ಸುಗ್ಗಿಗೆ ಎಡಗಡೆಯ ಹಲ್ಲಿಗೆ ಪಾಠ ಹೇಳುತ್ತಿದ್ದೇನೆ. ಮೊದಲು ಕಚ್ಚಿ, ನನ್ನ ತೀರ್ಪನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಮೀಟರ್ ನೋಡುತ್ತೇನೆ. ತಪ್ಪಿದ್ದನ್ನೂ ಬರೆಯುತ್ತೇನೆ, ಮೇಡಂ ಬರೆದ ಹಾಗೆ. ಮೇಸ್ತ್ರಿ ಬಗ್ಗಿ ನೋಡಿ, "ರೈಟರೇ, ಇವತ್ತು ಇಬ್ಬರದೂ ಒಂದೇ ಮಾತು" ಎಂದ. ಮೀಟರ್ ಇನ್ನೂ ಒಂದು ಸಲವೂ ತಪ್ಪಿಲ್ಲ. ಅದನ್ನು ಅನುಮಾನಿಸಲು ನನಗೆ ಇಷ್ಟು ಸಾಕು.