ಹುಂಚದ ರಂಗಮ್ಮನ ಮೀಟರ್ ದೀಪ

ಹುಂಚದ ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವ ಹೆಂಗಸು ರಂಗಮ್ಮ ಒಬ್ಬಳೇ. ಗಂಡ ಪುಟ್ಟಪ್ಪನ ಕಣ್ಣು ಮಂಜಾಗಿ ಕಾರು ಚರಂಡಿಗಿಳಿದ ದಿನ ಸ್ಟೇರಿಂಗ್ ಕಸಿದುಕೊಂಡವಳು ಮತ್ತೆ ಕೊಡಲಿಲ್ಲ. ಹೆಂಗಸಿನ ಗಾಡಿಯಾ ಅಂತ ಮೂಗು ಮುರಿದವರೇ ಈಗ ಮನೆಯಲ್ಲಿ ಹೆರಿಗೆ ನೋವು ಶುರುವಾದರೆ ಅವಳ ಬಾಗಿಲು ಬಡಿಯುತ್ತಾರೆ.

ಆ ಹಳೇ ಅಂಬಾಸಿಡರ್‌ಗೆ ಈ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಸಿಗಲಿಲ್ಲ. ಸಾಗರದ ಆರ್‌ಟಿಒದಲ್ಲಿ ಇನ್ಸ್‌ಪೆಕ್ಟರ್ ಲೈಟಿನ ಸ್ವಿಚ್ ಎಳೆದರೆ ಸ್ಟೇರಿಂಗ್ ಎದುರಿನ ಮೀಟರ್ ಬೋರ್ಡ್ ಕತ್ತಲೆ. ಸಾಲದ್ದಕ್ಕೆ ಡೀಸೆಲ್ ಮೀಟರಿನ ಮುಳ್ಳು ದೆವ್ವ ಮೆಟ್ಟಿದ ಹಾಗೆ ಕುಣಿಯಿತು.

"ಸರಿ ಮಾಡಿಸಿ ನಾಳೆ ತನ್ನಿ. ಇಲ್ದಿದ್ರೆ ಇದನ್ನ ರೋಡಿಗಿಳಿಸ್ಬೇಡಿ."

ಎಫ್‌ಸಿ ಇಲ್ಲದೆ ಬಾಡಿಗೆ ಇಲ್ಲ. ಬಾಡಿಗೆ ಇಲ್ಲದ ಅಂಬಾಸಿಡರ್ ಗುಜರಿಗೆ.

ಕೋಣಂದೂರಿನ ಎಲೆಕ್ಟ್ರಿಷಿಯನ್ ಪೂರ್ಣೇಶ್ ಬಲ್ಬ್ ಬದಲಿಸಿದ, ಫ್ಯೂಸ್ ಬದಲಿಸಿದ, ಕೈ ಒರೆಸಿಕೊಂಡ.

"ರಂಗಕ್ಕ, ವೈರಿಂಗೇ ಸತ್ತಿದೆ. ಪೂರ್ತಿ ಕಿತ್ತು ಹೊಸದು ಎಳೀಬೇಕು. ಒಂದು ವಾರ ಬಿಡಿ."

"ವಾರ ಬಿಟ್ಟು ನಾನೆಂತ ಹುಲ್ಲು ಮೇಯ್ಲಾ?"

"ಹಳೇದಾಯ್ತು, ಕೊಟ್ಬಿಡಿ ಅತ್ಲಾಗೆ."

"ನಿನ್ನಪ್ಪನೂ ಹಳೇದಾಗಿದಾನೆ, ಕೊಟ್ಟಿದೀಯಾ? ಆ ಟೆಸ್ಟ್ ಬಲ್ಬ್ ಕೊಡು ಮಾರಾಯ, ನಾಳೆ ತಂದ್ಕೊಡ್ತೀನಿ."

ಬಲ್ಬಿಗೆ ಎರಡು ವೈರು, ವೈರಿನ ತುದಿಗೆ ಕ್ಲಿಪ್ಪು, ಅಷ್ಟೇ ಸಾಮಾನು. ಮನೆಯಂಗಳದಲ್ಲಿ ರಂಗಮ್ಮ ಮೀಟರ್ ಬೋರ್ಡ್ ಬಿಚ್ಚಿದಳು. ಹಗಲು ಬೆಳಕಿಗೆ ಪುಟಾಣಿ ದೀಪ ಕಾಣದು ಅಂತ ಕಂಬಳಿ ಹೊದ್ದು ಒಳಗೆ ತಲೆ ತೂರಿದಳು. ಸ್ವಿಚ್ ಎಳೆಯುವ ಕೆಲಸ ಪುಟ್ಟಪ್ಪನದು.

ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಮೀಟರ್ ದೀಪದ ವೈರಿಗೆ ಹಿಡಿದಳು. ಬಲ್ಬು ಝಗ್ ಅಂತು. ಹಾಗಾದರೆ ವೈರು ಸತ್ತಿಲ್ಲ, ಕರೆಂಟ್ ಬರುತ್ತಿದೆ. ಬ್ಯಾಟರಿಗೆ ಹಾಕಿದ್ದ ಕ್ಲಿಪ್ಪು ತೆಗೆದು ಬೋರ್ಡಿನ ತಗಡಿಗೆ ಹಿಡಿದಳು. ಉರಿಯಲಿಲ್ಲ. ಬಂದ ಕರೆಂಟ್ ಗಾಡಿಯ ತಗಡಿನ ಮೂಲಕವೇ ಬ್ಯಾಟರಿಗೆ ಮರಳಬೇಕು. ಆ ದಾರಿ ಕಟ್ಟಿತ್ತು.

ತಗಡನ್ನು ಉಗುರಿನಿಂದ ಕೆರೆದು ಮೂಸಿದಳು. ಗೇರೆಣ್ಣೆ!

ಗೆದ್ದಲು ಹತ್ತದಿರಲಿ ಅಂತ ಮಳೆಗಾಲಕ್ಕೆ ಮುಂಚೆ ಮಾಡಿನ ಪಕಾಸಿಗೆ, ಬಾಗಿಲಿಗೆ ಗೇರುಬೀಜದ ಸಿಪ್ಪೆಯ ಈ ಎಣ್ಣೆ ಬಳಿಯುವುದು ಈ ಕಡೆಯ ರೂಢಿ. ಪುಟ್ಟಪ್ಪ ಕಾರಿನ ಅಡಿಗೂ ಬಳಿಯುತ್ತಿದ್ದ. ಈ ಸಲ ಬೋರ್ಡಿನ ಹಿಂದೆ ತುಕ್ಕು ಕಂಡ ರಂಗಮ್ಮ ಅಲ್ಲಿಗೂ ಬಳಿದಿದ್ದಳು, ಬೋರ್ಡನ್ನು ಗಾಡಿಯ ತಗಡಿಗೆ ಸೇರಿಸುವ ಅರ್ತಿನ ಸ್ಕ್ರೂ ಬಿಚ್ಚಿ ಅದರ ಬುಡಕ್ಕೂ.

"ಅಲ್ಲ ಮಾರಾಯ್ತಿ, ಕಬ್ಬಿಣಕ್ಕೆ ಗೆದ್ದಲು ಹತ್ತತ್ತೆ ಅಂತ ಮಾಡಿದ್ಯಾ?"

"ನೀವು ಕಾರಿನಡಿಗೆ ಬಳೀವಾಗ ಹತ್ತಿತ್ತಾ? ಸುಮ್ನೆ ಸ್ವಿಚ್ ಹಿಡ್ಕಳಿ."

ಒಣಗಿದ ಗೇರೆಣ್ಣೆ ಸುಲಭಕ್ಕೆ ಬಿಡುವ ಜಾತಿಯಲ್ಲ. ಚಾಕು ಮೊಂಡಾಯಿತು, ಬೆರಳಿನ ಗೆಣ್ಣು ಸುಲಿಯಿತು. ತಗಡು ಬೆಳ್ಳಗಾಗುವ ತನಕ ಉಜ್ಜಿ ಸ್ಕ್ರೂ ಬಿಗಿದಳು.

"ಎಳೀರಿ!"

ಸ್ಪೀಡೋಮೀಟರ್ ಬೆಳಗಿತು. ಡೀಸೆಲ್ ಮೀಟರಿನ ದೀಪ ಮಾತ್ರ ಸತ್ತೇ ಇತ್ತು. ಅದರ ಹೋಲ್ಡರಿಗೂ ಗೇರೆಣ್ಣೆ ಮೆತ್ತಿತ್ತು. ತನ್ನನ್ನೇ ಬೈದುಕೊಳ್ಳುತ್ತ ಅದನ್ನೂ ಕೆರೆದಳು. ದೀಪ ಹತ್ತಿತು, ಕುಣಿಯುತ್ತಿದ್ದ ಮುಳ್ಳು ತೆಪ್ಪಗೆ ನಿಂತಿತು.

ಮರುದಿನ ಸಾಗರದಲ್ಲಿ ಅದೇ ಇನ್ಸ್‌ಪೆಕ್ಟರ್ ಸ್ವಿಚ್ ಎಳೆದು ಬಗ್ಗಿ ನೋಡಿದರು.

"ಯಾರು ಮಾಡಿದ್ದಮ್ಮಾ?"

"ಕೆಡಿಸಿದ್ದೂ ನಾನೇ, ಸರಿ ಮಾಡಿದ್ದೂ ನಾನೇ. ಬೇಗ ಪಾಸ್ ಮಾಡಿ ಸಾರ್, ಹೊಸನಗರದಲ್ಲಿ ಜನ ಕಾಯ್ತಿದಾರೆ."

ಪಾಸಾಯಿತು. ಹೊಸನಗರದಲ್ಲಿ, ಜೊತೆಗೆ ಬಂದಿದ್ದ ಗಂಡನನ್ನು ಮೂಲೆಗೆ ಒತ್ತರಿಸಿ, ಕಾಯುತ್ತಿದ್ದವರನ್ನು ಹಿಂದಿನ ಸೀಟಿಗೆ ತುಂಬಿಸಿಕೊಂಡು ಹೊರಟಳು.