ಅಂಗೈ ಮಷಿನ್ನು ಮತ್ತು ಬದುವಿನ ಬನ್ನಿಗಿಡ

ಮೊಮ್ಮಕ್ಕಳೇ, ನಾನು ಫೋನನ್ನು ಯಾವಾಗಲೂ ಬೋರಲು ಹಾಕಿ, ಮೇಲೊಂದು ಬಟ್ಟೆ ಹೊದಿಸಿ ಯಾಕೆ ಇಡುತ್ತೇನೆ ಎಂದು ನೀವು ರಜೆಗೆ ಬಂದಾಗಲೆಲ್ಲ ಕೇಳುತ್ತೀರಿ. "ಅಮ್ಮಾ, ಅದಕ್ಕ ಥಂಡಿ ಹತ್ತತೈತೇನು?" ಎಂದು ನಗುತ್ತೀರಿ. ನಾಲ್ಕು ಮಂದಿ ಒಟ್ಟಿಗೆ ನನ್ನ ಮುಖ ನೋಡಿದರೆ ನನಗೆ ಮಾತು ಬರುವುದಿಲ್ಲ. ಬರೆಯುವಾಗ ಯಾರೂ ನೋಡುವುದಿಲ್ಲವಲ್ಲ, ಅದಕ್ಕೇ ಬರೆದು ಹೇಳುತ್ತೇನೆ. ಊರ ಶಾಲೆಯಲ್ಲಿ ಏಳನೇ ಇಯತ್ತೆಗೆ ನನ್ನ ಓದು ಮುಗಿಯಿತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಅಂಗೈಯಲ್ಲಿ ಹಿಡಿಯುವ ಮಷಿನ್ನನ್ನು ನಾನು ಮೊದಲು ಕಂಡದ್ದು ಸಿಂಧನೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ. ಅದುವರೆಗೆ ಕಂಡಕ್ಟರ್ ಬಣ್ಣಬಣ್ಣದ ಟಿಕೀಟು ಹರಿದು ಕೊಡುತ್ತಿದ್ದ. ಅವತ್ತು ಕೊರಳಿಗೆ ಒಂದು ಕರೀ ಡಬ್ಬಿ ಹಾಕಿಕೊಂಡು ಬಂದ. ಗುಂಡಿ ಒತ್ತಿದರೆ ಅದರ ಬಾಯಿಂದ ಚೀಟಿ ಬರುತ್ತಿತ್ತು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ, ಎಲ್ಲವೂ ಅದರೊಳಗೆ ಉಳಿಯುತ್ತದೆ ಎಂದು ಮುಂದಿನ ಸೀಟಿನವರು ಮಾತಾಡಿಕೊಂಡರು. ನನ್ನ ಪಕ್ಕದಲ್ಲಿ ಸಾಲಗುಂದದ ಮುದುಕಿಯೊಬ್ಬಳು ಕೂತಿದ್ದಳು.

"ಎಲ್ಲಿಗಿ ಬೇ?" ಎಂದ ಕಂಡಕ್ಟರ್.

"ನನ್ನೇನು ಕೇಳ್ತೀ? ಆ ಡಬ್ಬೀನ ಕೇಳು. ಅದಕ್ಕ ಎಲ್ಲಾ ಗೊತ್ತೈತಂತಲ್ಲ."

ಬಸ್ಸೆಲ್ಲ ನಕ್ಕಿತು. ನಾನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲಿ ಕೂತಿತ್ತು. ನಾನು ತವರಿಗೆ ಹೋಗಿ ಬಂದದ್ದನ್ನು ಒಂದು ಡಬ್ಬಿ ಯಾಕೆ ನೆನಪಿಟ್ಟುಕೊಳ್ಳಬೇಕು?

ಇಂಥ ಸುದ್ದಿಯನ್ನೆಲ್ಲ ಮನೆಗೆ ತರುತ್ತಿದ್ದವನು ನನ್ನ ಮೈದುನ, ನೀವು ಸಣ್ಣಜ್ಜ ಎಂದು ಕರೆಯುತ್ತೀರಲ್ಲ, ಅವನು. ಮಸ್ಕಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಪೇಪರಿನಲ್ಲಿ ಓದಿದ್ದನ್ನು ಸಂಜೆ ಕಟ್ಟೆಯ ಮೇಲೆ ಕೂತು ನಮಗೆ ಹೇಳುತ್ತಿದ್ದ. ಇನ್ನು ಮುಂದೆ ಫೋನಿಗೆ ಗುಂಡಿಗಳೇ ಇರುವುದಿಲ್ಲವಂತೆ, ಕಂಪ್ಯೂಟರು ಕಿಸೆಯಲ್ಲಿ ಹಿಡಿಸುತ್ತದಂತೆ. ಒಂದು ದಿನ ಸಿಂಧನೂರಿಗೆ ಹೋದವನು ಅಂಥದ್ದೇ ಒಂದನ್ನು ಕೊಂಡು ತಂದ. ಅದರ ಬೆನ್ನಿನಲ್ಲಿ ಸಣ್ಣ ಕಡ್ಡಿ ಸಿಕ್ಕಿಸಿತ್ತು. ಆ ಕಡ್ಡಿಯಿಂದಲೇ ಗಾಜಿನ ಮೇಲೆ ಒತ್ತಬೇಕು.

"ಇದು ಬರೇ ಫೋನಲ್ಲ ಅತ್ತಿಗಿ, ಕಂಪ್ಯೂಟರ್," ಎಂದು ನನ್ನ ಕಡೆ ಹಿಡಿದ. ನಾನು ಮುಟ್ಟಲಿಲ್ಲ.

ವಾರ ಕಳೆಯುವುದರೊಳಗೆ ಕಡ್ಡಿ ಜೋಳದ ಕಣಿಕೆಯ ಬಣವೆಯಲ್ಲಿ ಬಿದ್ದು ಹೋಯಿತು. ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು ಅದರಲ್ಲೇ ಒತ್ತತೊಡಗಿದ. ನನ್ನ ನೆಗೆಣ್ಣಿ, ಎಂದರೆ ಅವನ ಹೆಂಡತಿ, ಸುಮ್ಮನಿರುವವಳಲ್ಲ. "ನೋಡ್ರಿ ಯಕ್ಕಾ, ಇಷ್ಟು ವರ್ಷ ನಾ ಕಸಬರಿಗಿ ಹಿಡೀರಿ ಅಂದ್ರ ಹಿಡೀಲಿಲ್ಲ. ಈಗ ಕಿಸೇದಾಗ ಇಟಗೊಂಡು ತಿರಗತಾರ," ಎಂದಳು.

ಆ ಫೋನಿನಲ್ಲಿ ಫೋಟೋ ತೆಗೆಯುವುದಕ್ಕೂ ಬರುತ್ತಿತ್ತು. ಒಂದು ಮುಂಜಾನೆ ಅವನು ಹೊಲದ ಬದುವಿನ ಮೇಲೆ ನಿಂತು, ನನ್ನ ಹೊಲದ ಕಡೆ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡ ಕೂಡಲೇ ಕಿಸೆಗೆ ಹಾಕಿಕೊಂಡ. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದ.

ಆ ಹೊಲದ ವಿಷಯ ನಿಮಗೆ ಹೇಳಬೇಕು. ಪಾಮನಕಲ್ಲೂರಿನ ಕಡೆಯ ಕಪ್ಪು ನೆಲ ಅದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹಿರಿಯರು ಕೂತು ಅದನ್ನು ಎರಡು ಪಾಲು ಮಾಡಿದರು. ಪಡುವಣ ಭಾಗ ನನಗೆ, ಮೂಡಣ ಭಾಗ ಮೈದುನನಿಗೆ, ನಡುವೆ ಬದು. ಬದುವಿನ ಮೇಲೆ ಒಂದು ಬನ್ನಿಗಿಡ. ಅದರ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಸುತ್ತ ಮುಳ್ಳಿನ ಪೊದೆ. ಅದನ್ನು ಮಾತ್ರ ಹಿರಿಯರು ಪಾಲು ಮಾಡಲಿಲ್ಲ. "ಇದು ಇಬ್ಬರದೂ," ಎಂದು ಬಾಯಿಮಾತಿನಲ್ಲಿ ಹೇಳಿ ಎದ್ದರು.

ಎಳ್ಳಮವಾಸ್ಯೆಗೆ ಅಲ್ಲಿ ಎಡೆ ಹಿಡಿದು, ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಲೆ ಎಲ್ಲ ಕಲಸಿ, ಹೊಲದ ಸುತ್ತ ಚೆಲ್ಲುತ್ತಾ ನಡೆಯುತ್ತೇವಲ್ಲ, ಅದೇ ಚರಗ. ಗಂಡ ಹೋದ ಮೇಲೆ ಊರಿನ ಯಾವ ಪೂಜೆಯಲ್ಲೂ ನಾನು ಮುಂದೆ ನಿಂತವಳಲ್ಲ. ಯಾರೂ ಬೇಡ ಎನ್ನಲಿಲ್ಲ, ನಾನೇ ಹಿಂದೆ ಸರಿದೆ. ಆದರೆ ಬನ್ನಿಗಿಡದ ಹತ್ತಿರ ನನ್ನ ಅತ್ತೆ ಸಾಯುವ ಮುಂಚೆ ಒಂದು ಮಾತು ಹೇಳಿದ್ದಳು: "ಈ ಹೊಲಕ್ಕ ನೀನೂ ಮಗಳ. ಇಲ್ಲಿ ಎಡಿ ನೀನೂ ಹಿಡೀಬೇಕು." ವರ್ಷಕ್ಕೊಮ್ಮೆ ನಾನು ಯಾರನ್ನೂ ಕೇಳದೆ ಹೋಗಿ ಮುಂದೆ ನಿಲ್ಲುವ ಜಾಗ ಅದೊಂದೇ. ಅದು ಮೈದುನನ ಪಾಲಿಗೆ ಹೋದರೆ ನೆಗೆಣ್ಣಿ ಕರೆದಾಗ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿ ಕೂರಬೇಕು. ನನ್ನ ಅಂಜಿಕೆ ಅದೇ.

ಫೋಟೋ ತೆಗೆದ ಕೆಲವು ದಿನಕ್ಕೆ ಮೈದುನ ಬಂದು ಹೇಳಿದ: "ಅತ್ತಿಗಿ, ನಮ್ಮ ಬೋರಿಗಿ ನೀರು ಛಲೋ ಬಿದ್ದೈತಿ. ನಿಮ್ಮ ಹೊಲಕ್ಕೂ ಪೈಪು ಎಳಸ್ತೀನ್ರಿ, ಹನಿ ನೀರಾವರಿ. ಲಿಂಗಸುಗೂರಿನಿಂದ ಪೈಪಿನವ ಬರ್ತಾನ. ಅವನ ಹತ್ರ ಒಂದು ಮಷಿನ್ ಐತಿ. ಅದನ್ನ ಹಿಡಕೊಂಡು ಹೊಲ ಸುತ್ತಿದ್ರ ಸಾಕು, ನಕ್ಷೆ ತಾನೇ ಮೂಡತೈತಿ."

ಕೇಳದೆ ಯಾರಾದರೂ ನೀರು ಕೊಡುತ್ತಾರೆಯೇ? ನನಗೆ ಮೊದಲು ಬಂದ ಯೋಚನೆ ಅದು. ನನ್ನ ಮನಸ್ಸು ಕೆಟ್ಟದ್ದು ಎಂದುಕೊಳ್ಳಬೇಡಿ. ಒಂಟಿ ಹೆಂಗಸಿನ ಜಮೀನಿಗೆ ಅನುಮಾನವೇ ಬೇಲಿ. ನಿಮ್ಮ ಅವ್ವ ಆಗ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಕೇಳೋಣವೆಂದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಗಲಿ ಎಂದೆ.

ಪೈಪಿನವನು ಬಂದ ದಿನ ತೊಗರಿ ಎದೆಮಟ್ಟ ನಿಂತಿತ್ತು. ಅವನ ಮಷಿನ್ನು ಅಂಗೈಗಿಂತ ಸ್ವಲ್ಪ ದೊಡ್ಡದು, ಇಟ್ಟಿಗೆ ಚೂರಿನ ಹಾಗೆ ದಪ್ಪ, ಸುತ್ತ ರಬ್ಬರು. ಅದಕ್ಕೂ ಒಂದು ಕಡ್ಡಿ, ಕಳೆಯದ ಹಾಗೆ ದಾರದಲ್ಲಿ ಕಟ್ಟಿದ್ದ.

"ಇದನ್ನ ಮುಗಿಲಿಗಿ ಮುಖ ಮಾಡಿ ಹಿಡೀಬೇಕ್ರಿ ಅಮ್ಮಾರ. ಮ್ಯಾಲಿಂದ ಉಪಗ್ರಹ ನೋಡತೈತಿ. ನೀವು ಎಲ್ಲಿ ನಡೀತೀರಿ ಅಲ್ಲಿ ಗೆರಿ ಬೀಳತೈತಿ."

ಮೇಲಿಂದ ನೋಡುತ್ತದೆ ಎಂದ ಕೂಡಲೇ ನನ್ನ ಕೈ ತಾನಾಗಿ ಸೆರಗನ್ನು ಹಣೆಗೆ ಎಳೆಯಿತು.

ಬದು ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ, ಹಾಗಾಗಿ ಹೊಲದವರೇ ನಡೆಯಬೇಕು. ಅವನು ನನ್ನ ಹಿಂದೆ ಬರಲು ಹೊರಟ. ಪರಗಂಡಸು ಹಿಂದೆ ನಡೆದರೆ ನನಗೆ ಹೆಜ್ಜೆ ಏಳುವುದಿಲ್ಲ. ನೆಗೆಣ್ಣಿ ನನ್ನ ಮುಖ ನೋಡಿ ತಿಳಿದುಕೊಂಡು, "ನೀ ಇಲ್ಲೇ ಬೇವಿನ ನೆಳ್ಳಾಗ ನಿಂದರಪಾ, ಅವರೇ ಸುತ್ತಿ ಬರ್ತಾರ," ಎಂದಳು. ಅದನ್ನು ಹಿಡಿದುಕೊಂಡು ನಾನೊಬ್ಬಳೇ ಹೊಲ ಸುತ್ತಿದೆ. ತೊಗರಿಯಲ್ಲಿ ನಾನು ಯಾರಿಗೂ ಕಾಣುತ್ತಿರಲಿಲ್ಲ. ಮೇಲಿನದಕ್ಕೆ ಮಾತ್ರ ಕಾಣುತ್ತಿದ್ದೆ.

ವಾಪಸು ಬಂದು ಕೊಟ್ಟೆ. ಪೈಪಿನವನು ಗಾಜು ಒರೆಸಿ ಎಲ್ಲರಿಗೂ ತೋರಿಸಿದ. ನನ್ನ ಹೊಲ ಅಷ್ಟು ಸಣ್ಣದಾಗಿ, ಕರೀ ಗೆರೆಯಲ್ಲಿ ಮೂಡಿತ್ತು. ಮೂರು ಕಡೆ ಗೆರೆ ನೆಟ್ಟಗಿತ್ತು. ಬದುವಿನ ಕಡೆ ನಡುಮಧ್ಯದಲ್ಲಿ ಹೊಟ್ಟೆ ಬಂದ ಹಾಗೆ ಉಬ್ಬಿ, ಮೈದುನನ ಹೊಲದೊಳಗೆ ಹೋಗಿತ್ತು.

"ಇಲ್ಲೇನೈತಿ?" ಎಂದ ಪೈಪಿನವನು.

ಮೈದುನ ಬಗ್ಗಿ ನೋಡಿ, "ಬನ್ನಿಗಿಡ," ಎಂದ.

ನೆಗೆಣ್ಣಿಯೂ ಬಗ್ಗಿ ನೋಡಿದಳು. "ಅಯ್ಯ ಶಿವನೇ! ಬಾಯಿ ಬಿಡಲಾರದಕ್ಕಿ ಗಿಡಾನೇ ನುಂಗ್ಯಾಳ ನೋಡ್ರಿ!"

ನಾನು ಬೇಕೆಂದು ಏನೂ ಮಾಡಿರಲಿಲ್ಲ. ಮಷಿನ್ನೇ ಹಾಗೆ ಮಾಡಿದೆ, ಅವರೇ ಹೇಳಿ ಮಾಡಿಸಿದ್ದಾರೆ, ನನ್ನನ್ನು ಕಳ್ಳಿ ಮಾಡಿ ಪಂಚರ ಮುಂದೆ ನಿಲ್ಲಿಸಲು ಈ ಆಟ ಎಂದು ಅನಿಸಿತು.

"ಕೊಡು ಇಲ್ಲಿ," ಎಂದು ಮೈದುನ ಮಷಿನ್ನು ಕಸಿದುಕೊಂಡು ತನ್ನ ಹೊಲ ಸುತ್ತಲು ಹೊರಟ. ನಾನು ಬೇವಿನ ಬುಡದ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದೆ. ತೊಗರಿಯ ಮೇಲೆ ಅವನ ತಲೆಗೆ ಸುತ್ತಿದ ಕೆಂಪು ಟವೆಲು ಮಾತ್ರ ಕಾಣುತ್ತಿತ್ತು. ಮೂಡಣ ಬದು ಇಳಿದು, ಕೆಳಗಿನಿಂದ ತಿರುಗಿ, ನಮ್ಮಿಬ್ಬರ ನಡುವಿನ ಬದು ಹಿಡಿದು ಮೇಲೆ ಬಂದ. ಬನ್ನಿಗಿಡದ ಹತ್ತಿರ ಬಂದಾಗ ಟವೆಲು ನನ್ನ ಹೊಲದ ಕಡೆ ಹೊರಳಿತು. ಪೂರಾ ಒಳಗೆ ಬಂದು, ಗಿಡ ದಾಟಿ, ಮತ್ತೆ ಬದುವಿಗೆ ಹೋಯಿತು. ಹಾಡುಹಗಲು, ನನ್ನ ಕಣ್ಣೆದುರು ಕಬ್ಜಾ ಮಾಡುತ್ತಿದ್ದಾನೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು.

ಪೈಪಿನವನು ಎರಡೂ ಗೆರೆಗಳನ್ನು ಒಂದರ ಮೇಲೊಂದು ತಂದು ನೋಡಿ ತಲೆ ಕೆರೆದುಕೊಂಡ. "ಗಿಡ ಎರಡೂ ಹೊಲದಾಗ ಬಂದೈತ್ರಿ. ಯಜಮಾನ್ರ, ನೀವು ಬದು ಬಿಟ್ಟು ಆ ಕಡಿ ಯಾಕ ಹೋದ್ರಿ?"

ಮೈದುನ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಮತ್ತ? ದೇವರನ್ನ ಎಡಕ್ಕ ಬಿಟ್ಟು ಹೋಗ್ಲೇನೋ?"

ಆಗ ನನಗೆ ತಿಳಿಯಿತು. ಚರಗದಲ್ಲಿ ಹೊಲವನ್ನು ಬಲಸುತ್ತಿಗೇ ಸುತ್ತಬೇಕು, ಬನ್ನಿಯ ಕಲ್ಲನ್ನು ಬಲಗೈಗೇ ಬಿಡಬೇಕು. ಮದುವೆಯಾಗಿ ಬಂದಾಗಿನಿಂದ ನನ್ನ ಕಾಲು ಬೇರೆ ದಾರಿ ನಡೆದದ್ದೇ ಇಲ್ಲ. ಹೊಲ ಸುತ್ತಿ ಬಾ ಎಂದರು, ಸುತ್ತಿದೆ. ಬದುವಿನ ಮೇಲ್ತುದಿಯಿಂದ ಇಳಿದ ನನಗೆ ಗಿಡ ಬಲಕ್ಕೆ ಬರಬೇಕಾದರೆ ಅವನ ಹೊಲದಲ್ಲಿ ಕಾಲಿಡಬೇಕು. ಕೆಳಗಿನಿಂದ ಹತ್ತಿದ ಅವನಿಗೆ ನನ್ನ ಹೊಲದಲ್ಲಿ. ಮೈದುನ ನನ್ನ ಕಡೆ ತಿರುಗಿದ. "ನೀವೂ ಹಂಗ ಹೋದ್ರೇನು ಅತ್ತಿಗಿ?" ನಾನು ಹೌದೆಂದು ಗೋಣು ಹಾಕಿದೆ.

"ಎರಡು ಹೊಲದಾಗ ಒಂದ ಗಿಡ ಅಂದ್ರ ಇದು ತಗೊಳಂಗಿಲ್ರಿ," ಎಂದ ಪೈಪಿನವನು. "ಯಾರಾದ್ರೂ ಒಬ್ರು ಎಡಕ್ಕ ಬಿಟ್ಟು ಇನ್ನೊಂದು ಸಲ ನಡದು ಬರ್ರಿ."

ಯಾರೂ ಅಲುಗಾಡಲಿಲ್ಲ. "ನೀನೇ ಹೋಗಿ ಬಾರಪಾ, ನಿನ್ನ ಮಷಿನ್," ಎಂದಳು ನೆಗೆಣ್ಣಿ. ಅವನು ಗಿಡದ ಕಡೆ ನೋಡಿದ, ತನ್ನ ಹಣೆಯ ವಿಭೂತಿ ಮುಟ್ಟಿಕೊಂಡ. "ನಾ ಒಲ್ಲೆರಿ ಯಕ್ಕಾರ, ನನಗೂ ಮಕ್ಳು ಮರಿ ಅದಾವು."

ಆಮೇಲೆ ಅವನೇ ಒಂದು ಉಪಾಯ ಹೇಳಿದ. ಕಡ್ಡಿಯಿಂದ ಎರಡೂ ಗೆರೆಗಳನ್ನು ಹಿಂದಕ್ಕೆ ಸರಿಸುತ್ತೇನೆ, ಗಿಡ ಇಬ್ಬರ ಹೊಲದಲ್ಲೂ ಬೇಡ, ಹೊರಗೆ ಉಳಿಯಲಿ ಎಂದ. ಮೈದುನ ಒಪ್ಪಿದ. "ಹಂಗ ಮಾಡು. ಜಗಳನ ಇಲ್ಲ."

ಅವರಿಗೆ ಸಮಾಧಾನವಾಯಿತು, ನನಗೆ ಅಂಜಿಕೆ ಹೆಚ್ಚಾಯಿತು. ಹಿರಿಯರು ಹೇಳಿದ್ದು ಇಬ್ಬರದೂ ಎಂದು. ಇವನು ಬರೆಯುವುದು ಯಾರದೂ ಅಲ್ಲ ಎಂದು. ಯಾರದೂ ಅಲ್ಲದ ಗಿಡವನ್ನು ನಾಳೆ ಯಾರೋ ಬಂದು ಕಡಿದರೆ ನಾನು ಯಾರ ಬಾಗಿಲಿಗೆ ಹೋಗಲಿ? ಆ ಮುಗಿಲಿನಲ್ಲಿರುವುದನ್ನು ಕೇಳಲೇ?

ಕಡ್ಡಿ ಗಾಜಿಗೆ ಮುಟ್ಟುವುದರಲ್ಲಿತ್ತು. "ಬ್ಯಾಡ," ಎಂದೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ನೆಲ ನೋಡುತ್ತಾ ಮೈದುನನಿಗೆ ಹೇಳಿದೆ: "ಗಿಡ ನಿನ್ನ ಹೊಲದಾಗ ಇರಲೆಪಾ. ನನ್ನ ಗೆರಿ ಅಷ್ಟೇ ಹಿಂದಕ್ಕ ಸರಸು ಅನ್ನು. ನಿನ್ನದಾದ್ರ ನಿನ್ನ ಕೂಡ ಜಗಳ ಆಡಾಕರ ಬರತೈತಿ. ಯಾರದೂ ಅಲ್ಲ ಅಂದ್ರ ಯಾರ ಕೂಡ ಆಡ್ಲಿ?"

ನೆಗೆಣ್ಣಿ ತಿರುಗಿ ಗಂಡನ ಮುಖ ನೋಡಿದಳು.

"ಆದ್ರ ಕಲ್ಲು ಮುಟ್ಟಿ ಹೇಳು," ಎಂದೆ. "ನಾ ಎಡಿ ಹಿಡಿಯಾಕ ಬಂದ್ರ ಯಾರೂ ಅಡ್ಡ ಬರಂಗಿಲ್ಲ ಅಂತ ಹೇಳು."

ಮೈದುನ ಚಪ್ಪಲಿ ಬಿಟ್ಟು ತೊಗರಿಯೊಳಗೆ ಹೋದ. ನಾನು ಹಿಂದೆಯೇ ಹೋಗಿ ನಿಂತೆ. ಅವನು ಐದೂ ಕಲ್ಲು ಮುಟ್ಟಿ ಹೇಳಿದ. ನಡುವಿನ ಕಲ್ಲಿನ ಮೇಲೆ ಅಂಗೈ ಇಟ್ಟಾಗ, "ಅತ್ತಿಗಿ, ಅವತ್ತು ಫೋಟೋ ತಗದದ್ದು ಪೈಪಿನವಗ ಹೊಲ ತೋರಸಾಕ. ನೀವು ಏನ ತಿಳಕೊಂಡ್ರೋ ಏನೋ," ಎಂದ.

ಇರಬಹುದು. ಮತ್ತೆ ನನ್ನನ್ನು ಕಂಡ ಕೂಡಲೇ ಕಿಸೆಗೆ ಯಾಕೆ ಹಾಕಿಕೊಂಡ ಎಂದು ಕೇಳಲಿಲ್ಲ. ಕಲ್ಲಿನ ಮೇಲೆ ಕೈ ಇಟ್ಟವನನ್ನು ಅಷ್ಟು ಕೇಳಬಾರದು.

ಪೈಪು ಬಂತು, ನೀರೂ ಬಂತು. ನಾನು ಪ್ರತಿ ಎಳ್ಳಮವಾಸ್ಯೆಗೆ ಎಡೆ ಹಿಡಿಯುತ್ತಿದ್ದೇನೆ, ಇಲ್ಲಿಯವರೆಗೆ ಯಾರೂ ಅಡ್ಡ ಬಂದಿಲ್ಲ. ಸಣ್ಣಜ್ಜ ಮಾತಿಗೆ ತಪ್ಪಿಲ್ಲ, ಅದನ್ನು ಅವನ ಮುಂದೆಯೂ ಹೇಳುತ್ತೇನೆ. ಮುಗಿಲಿಗೆ ಮುಖ ಮಾಡಿದರೆ ಗೆರೆ ಎಳೆಯುವ ಮಷಿನ್ನನ್ನು ಅವತ್ತು ಕಂಡವಳು ನಾನು, ಅದಕ್ಕೇ ಫೋನನ್ನು ಬೋರಲು ಹಾಕಿ ಬಟ್ಟೆ ಹೊದಿಸುತ್ತೇನೆ. ಆದರೂ ಹೊಲಕ್ಕೆ ಹೋದಾಗಲೆಲ್ಲ, ಕಳೆ ನೋಡುವ ಮುಂಚೆ, ಬನ್ನಿಯ ಸುತ್ತ ಎಲ್ಲಾದರೂ ಬೇಲಿಗೂಟ ನೆಟ್ಟಿದ್ದಾರೆಯೇ ಎಂದು ಒಮ್ಮೆ ನೋಡಿ ಬರುತ್ತೇನೆ.